ಗೋಡೆಯನ್ನೇ ಸ್ಪೀಕರ್ ಮಾಡಿಕೊಂಡ ಎಂಜಿನಿಯರ್

ನನ್ನ ಹತ್ತಿರ ಇರುವುದು ಐದು ವಾಟ್‌ನ ಆಂಪ್ಲಿಫೈಯರ್. ಅದಕ್ಕೆ ಸ್ಪೀಕರ್ ಮಾಡಲು ಹೊರಟು, ಬೇಸ್ ಪೆಟ್ಟಿಗೆ ಹೇಗಿರಬೇಕು ಎಂಬಲ್ಲಿ ಸಿಕ್ಕಿಕೊಂಡೆ. ಚಿಕ್ಕ ಪೆಟ್ಟಿಗೆಯಿಂದ ಆಳವಾದ ಬೇಸ್ ಬೇಕೆಂದರೆ ವಾಟ್ ಸಾಲದು. ಕಡಿಮೆ ವಾಟ್‌ಗೆ ಹಾರ್ನ್ ಒಳ್ಳೆಯದು, ಆದರೆ ಗಾತ್ರ ದೊಡ್ಡದು. ಪ್ಲೈವುಡ್ ಒಮ್ಮೆ ತಪ್ಪಾಗಿ ಕತ್ತರಿಸಿದರೆ ಮತ್ತೆ ಕೊಳ್ಳಲು ದುಡ್ಡಿಲ್ಲ. ಆಗ ಓದಿದ್ದು ಪಾಲ್ ಕ್ಲಿಪ್ಶ್ ಅವರ ಬದುಕು.

1904ರಲ್ಲಿ ಅಮೆರಿಕದ ಇಂಡಿಯಾನಾದಲ್ಲಿ ಹುಟ್ಟಿದ ಅವರು 1926ರಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಮುಗಿಸಿದರು. ಜನರಲ್ ಎಲೆಕ್ಟ್ರಿಕ್‌ನಲ್ಲಿ ಕೆಲಸ, ನಂತರ ಚಿಲಿ ದೇಶದಲ್ಲಿ ವಿದ್ಯುತ್ ರೈಲು ಎಂಜಿನ್‌ಗಳ ಉಸ್ತುವಾರಿ, ಸ್ಟ್ಯಾನ್‌ಫರ್ಡ್‌ನಲ್ಲಿ ಉನ್ನತ ಓದು, ಟೆಕ್ಸಾಸ್‌ನಲ್ಲಿ ಭೂಭೌತ ವಿಜ್ಞಾನದ ಕೆಲಸ. ಎರಡನೇ ಮಹಾಯುದ್ಧದ ವೇಳೆ ಅರ್ಕನ್ಸಾ ರಾಜ್ಯದ ಹೋಪ್ ಎಂಬ ಊರಿನ ಮದ್ದುಗುಂಡು ಪರೀಕ್ಷಾ ಕೇಂದ್ರದಲ್ಲಿ ಸೇನಾಧಿಕಾರಿ. ಇಷ್ಟೆಲ್ಲ ಸುತ್ತಾಟದ ನಡುವೆಯೂ ಸ್ಪೀಕರ್ ಹುಚ್ಚು ಬಿಡಲಿಲ್ಲ.

40 ಹರ್ಟ್ಸ್ ಶಬ್ದದ ಅಲೆಯ ಉದ್ದ ಸುಮಾರು ಎಂಟೂವರೆ ಮೀಟರ್. ಅದಕ್ಕೆ ನೇರವಾದ ಹಾರ್ನ್ ಮಾಡಿದರೆ ಮನೆಯೊಳಗೆ ಹಿಡಿಸದು. ಕ್ಲಿಪ್ಶ್ ಹಾರ್ನ್‌ನ ದಾರಿಯನ್ನು ಪೆಟ್ಟಿಗೆಯೊಳಗೇ ಮಡಚಿ, ಪೆಟ್ಟಿಗೆಯನ್ನು ಕೋಣೆಯ ಮೂಲೆಗೆ ಒತ್ತಿ ಇಟ್ಟರು. ಎರಡು ಗೋಡೆ ಮತ್ತು ನೆಲವೇ ಹಾರ್ನ್‌ನ ಉಳಿದ ಭಾಗವಾದವು. ಈ 'ಕ್ಲಿಪ್ಶ್‌ಹಾರ್ನ್' ಒಂದು ವಾಟ್‌ಗೆ, ಒಂದು ಮೀಟರ್ ದೂರದಲ್ಲಿ, ಸುಮಾರು 105 ಡೆಸಿಬೆಲ್ ಕೊಡುತ್ತದೆ ಎನ್ನುತ್ತದೆ ಕಂಪನಿಯ ಲೆಕ್ಕ. 85 ಡೆಸಿಬೆಲ್‌ನ ಸ್ಪೀಕರ್ ಅಷ್ಟೇ ಸದ್ದು ಮಾಡಲು ನೂರು ವಾಟ್ ಬೇಕು!

1946ರಲ್ಲಿ, 42ನೇ ವಯಸ್ಸಿನಲ್ಲಿ, ಹೋಪ್‌ನ ತಗಡಿನ ಶೆಡ್ಡೊಂದರಲ್ಲಿ ಅವರ ಕಂಪನಿ ಶುರುವಾಯಿತು. 2002ರಲ್ಲಿ ಅವರು ತೀರಿಕೊಂಡರೂ ಆ ಸ್ಪೀಕರ್ ಇಂದಿಗೂ ತಯಾರಾಗುತ್ತಿದೆ.

ನನಗೆ ದಾರಿ ತೋರಿಸಿದ್ದು ಮಾತ್ರ ಅವರ ಇನ್ನೊಂದು ಸ್ಪೀಕರ್. ಮೂಲೆಗಳಲ್ಲಿಟ್ಟ ಎರಡು ಹಾರ್ನ್‌ಗಳ ನಡುವಿನ ಜಾಗಕ್ಕೆಂದು 1957ರಲ್ಲಿ ಅವರು ಮುಚ್ಚಿದ ಚಿಕ್ಕ ಪೆಟ್ಟಿಗೆ ಮಾಡಿದರು. ಮೂಲೆಯ ತತ್ವವನ್ನೇ ಮುರಿದಿದ್ದರಿಂದ ಅದಕ್ಕೆ 'ಹೆರಸಿ', ಅಂದರೆ ಧರ್ಮದ್ರೋಹ, ಎಂಬ ಹೆಸರು ಬಂತು. ಗಾತ್ರ ಇಳಿಸಿದರೂ ಸದ್ದಿನ ದಕ್ಷತೆ ಉಳಿಸಿಕೊಂಡರು. ಬದಲಿಗೆ ತೀರಾ ಆಳದ ಬೇಸ್ ಬಿಟ್ಟುಕೊಟ್ಟರು.

ಚಿಕ್ಕ ಗಾತ್ರ, ಆಳದ ಬೇಸ್, ಹೆಚ್ಚು ದಕ್ಷತೆ: ಮೂರರಲ್ಲಿ ಎರಡು ಮಾತ್ರ ಸಿಗುತ್ತವೆ. ನನ್ನ ಬಾಡಿಗೆ ಕೋಣೆಯ ಒಂದು ಮೂಲೆಯಲ್ಲಿ ಬಾಗಿಲು, ಇನ್ನೊಂದರಲ್ಲಿ ಬೀರು. ಹಾಗಾಗಿ ಹಾರ್ನ್‌ನ ಆಸೆ ಬಿಟ್ಟು ಮುಚ್ಚಿದ ಪೆಟ್ಟಿಗೆಯನ್ನೇ ಆರಿಸಿಕೊಂಡೆ. ಯಾವುದನ್ನು ಬಿಟ್ಟುಕೊಡುತ್ತಿದ್ದೇನೆ ಎಂದು ಗೊತ್ತಿದ್ದರಿಂದ ಗರಗಸ ಹಿಡಿಯುವಾಗ ಕೈ ನಡುಗಲಿಲ್ಲ.