ಕ್ರಾಂತಿ ಮೊದಲು, ಪ್ರೀತಿ ಆಮೇಲೆ ಅಂದವರ ನಡುವೆ ಕಾರ್ಪೆಂಟರ್

ಎಡ್ವರ್ಡ್ ಕಾರ್ಪೆಂಟರ್ ಹೆಸರನ್ನು ನಮ್ಮಲ್ಲಿ ಹಲವರು ನೋಡಿರುವುದು ಗಾಂಧಿಯ ‘ಹಿಂದ್ ಸ್ವರಾಜ್’ನಲ್ಲಿ. ನಾಗರಿಕತೆಯೇ ಒಂದು ಕಾಯಿಲೆ ಎಂದ ಇಂಗ್ಲಿಷ್ ಲೇಖಕ, ಅಷ್ಟೇ ಪರಿಚಯ.

ಹುಟ್ಟಿದ್ದು 1844ರಲ್ಲಿ, ಬ್ರೈಟನ್ ಪಕ್ಕದ ಹೋವ್‌ನ ಸ್ಥಿತಿವಂತರ ಮನೆಯಲ್ಲಿ. ಕೇಂಬ್ರಿಡ್ಜ್‌ನಲ್ಲಿ ಓದಿ ಅಲ್ಲೇ ಫೆಲೋ ಆದ, ಪಾದ್ರಿಯೂ ಆದ. 1874ರಲ್ಲಿ ಅದನ್ನೆಲ್ಲ ಬಿಟ್ಟು ಉತ್ತರದ ಕೈಗಾರಿಕಾ ಊರುಗಳಿಗೆ ಖಗೋಳವಿಜ್ಞಾನ ಪಾಠ ಮಾಡಲು ಹೊರಟ. (ಇಂಜಿನಿಯರಿಂಗ್ ಬಿಟ್ಟು ಬಂದ ನನಗೆ ಇದನ್ನು ಓದಿ ಖುಷಿಯಾಯ್ತು, ನಾನು ಬಿಟ್ಟಿದ್ದು ಕೇಂಬ್ರಿಡ್ಜ್ ಏನಲ್ಲ ಬಿಡಿ.) ಮುಂದೆ ಶೆಫೀಲ್ಡ್ ಹತ್ತಿರದ ಮಿಲ್‌ಥಾರ್ಪ್‌ನಲ್ಲಿ ಜಮೀನು ತಗೊಂಡು ತರಕಾರಿ ಬೆಳೆದ, ಕಾಶ್ಮೀರದಿಂದ ಬಂದ ಜೋಡಿನ ಮಾದರಿಯಲ್ಲಿ ಚಪ್ಪಲಿ ಹೊಲಿದ. ಆ ಸರಳ ಬದುಕಿಗೆ ಬಂಡವಾಳ ಅಪ್ಪನ ಆಸ್ತಿ ಅನ್ನೋದನ್ನೂ ಹೇಳಲೇಬೇಕು.

1883ರಲ್ಲಿ ‘ಟುವರ್ಡ್ಸ್ ಡೆಮಾಕ್ರಸಿ’ ಬಂತು. ವಿಟ್ಮನ್ ಧಾಟಿಯ ಉದ್ದುದ್ದ ಸಾಲುಗಳ ಕವಿತೆ. ಅದರಲ್ಲಿ ಪ್ರಜಾಪ್ರಭುತ್ವ ಅಂದರೆ ಮತ ಎಣಿಕೆಯಲ್ಲ. ದುಡಿಯುವವರ ಮೈ, ಅದರ ಬಯಕೆ, ಯಾವುದಕ್ಕೂ ನಾಚಿಕೆಪಡಬೇಕಿಲ್ಲದ ಸ್ಥಿತಿ.

ತಕರಾರು ಶುರುವಾಗಿದ್ದು ಇಲ್ಲೇ. ‘ಕ್ಲಾರಿಯನ್’ ಸಂಪಾದಕ ರಾಬರ್ಟ್ ಬ್ಲಾಚ್‌ಫೋರ್ಡ್ ಸಮಾಜವಾದಿ ಸಂಗಾತಿಯೇ. ಆದರೂ ಮೊದಲು ಆರ್ಥಿಕ ಬದಲಾವಣೆ ಬರಲಿ, ಗಂಡು-ಹೆಣ್ಣಿನ ವಿಚಾರ ಆಮೇಲೆ ಎಂದು ಬುದ್ಧಿ ಹೇಳಿದ. ಈ ಮಾತು ಇವತ್ತಿನ ಚಳವಳಿಗಳಲ್ಲೂ ಕೇಳಿದ್ದೀವಲ್ವಾ? ಕಾರ್ಪೆಂಟರ್ ಕಾಯಲಿಲ್ಲ. 1895ರಲ್ಲಿ ಆಸ್ಕರ್ ವೈಲ್ಡ್ ಜೈಲಿಗೆ ಹೋದ ಮೇಲೆ ಹೆದರಿದ ಪ್ರಕಾಶಕ ಆತನ ಪುಸ್ತಕಗಳಿಂದ ಕೈತೊಳೆದುಕೊಂಡ. ಮರುವರ್ಷ ‘ಲವ್ಸ್ ಕಮಿಂಗ್ ಆಫ್ ಏಜ್’ ಮ್ಯಾಂಚೆಸ್ಟರಿನ ಲೇಬರ್ ಪ್ರೆಸ್‌ನಿಂದ ಹೊರಬಂತು. 1908ರ ‘ದಿ ಇಂಟರ್‌ಮೀಡಿಯೆಟ್ ಸೆಕ್ಸ್’ ಸಲಿಂಗ ಪ್ರೀತಿಯ ಪರ ಬಹಿರಂಗವಾಗಿಯೇ ವಾದಿಸಿತು.

ಬರೆದು ಸುಮ್ಮನಾಗಲಿಲ್ಲ. ಶೆಫೀಲ್ಡ್‌ನ ಕೊಳೆಗೇರಿಯಲ್ಲಿ ಬೆಳೆದ ಜಾರ್ಜ್ ಮೆರಿಲ್ 1898ರಲ್ಲಿ ಆತನ ಮನೆಗೇ ಬಂದು ನೆಲೆಸಿದ. ಗಂಡಸರ ಪ್ರೀತಿ ಅಪರಾಧವಾಗಿದ್ದ ಕಾಲ ಅದು. ಬೇಡ ಅಂದ ಗೆಳೆಯರೂ ಇದ್ದರು. ಇಬ್ಬರೂ ಸುಮಾರು ಮೂವತ್ತು ವರ್ಷ ಒಟ್ಟಿಗೆ ಬಾಳಿದರು. ಅವರನ್ನು ಕಂಡು ಬಂದ ಇ. ಎಂ. ಫಾರ್ಸ್ಟರ್ ‘ಮಾರಿಸ್’ ಕಾದಂಬರಿ ಬರೆದ. ಬದುಕಿರುವಾಗ ಪ್ರಕಟಿಸುವ ಧೈರ್ಯ ಮಾಡಲಿಲ್ಲ.

1924ರಲ್ಲಿ 80 ತುಂಬಿದಾಗ ಬ್ರಿಟನ್ನಿನ ಮೊದಲ ಲೇಬರ್ ಸರ್ಕಾರದ ಸಚಿವರೆಲ್ಲ ಸಹಿ ಮಾಡಿ ಶುಭಾಶಯ ಕಳಿಸಿದರು. ಕಾನೂನನ್ನು ಮಾತ್ರ ಮುಟ್ಟಲಿಲ್ಲ.

1928ರ ಜನವರಿಯಲ್ಲಿ ಮೆರಿಲ್ ತೀರಿಕೊಂಡ, ಮರುವರ್ಷ ಜೂನ್‌ನಲ್ಲಿ ಕಾರ್ಪೆಂಟರ್. ಗಿಲ್ಡ್‌ಫರ್ಡ್‌ನಲ್ಲಿ ಇಬ್ಬರಿಗೂ ಒಂದೇ ಸಮಾಧಿ. ಇಂಗ್ಲೆಂಡಿನ ಕಾನೂನು ಸಡಿಲವಾಗಿದ್ದು 1967ರಲ್ಲಿ. ಅವರೇ ನಮಗೆ ಬಿಟ್ಟುಹೋದ 377ನ್ನು ಸುಪ್ರೀಂ ಕೋರ್ಟ್ ಕಟ್ಟಿಹಾಕಲು 2018 ಬರಬೇಕಾಯಿತು.