ಗಿಟಾರ್ ನುಡಿಸಲರಿಯದ ಲಿಯೋ ಫೆಂಡರ್

ಅಜ್ಜಂದಿರ ಕಾಲದ ರೇಡಿಯೋ ಪೆಟ್ಟಿಗೆಯ ಹಿಂಬದಿಯ ಹಲಗೆಯನ್ನು ಬಿಚ್ಚಿ ನೋಡಿದವರಿಗೆ, ಒಳಗೆ ಕೆಂಪಗೆ ಕಾಯ್ದು ಬೆಳಗುವ ಗಾಜಿನ ಬುರುಡೆಗಳ ಪರಿಚಯವಿರುತ್ತದೆ. ಅವುಗಳಿಗೆ ವಾಲ್ವು ಅಥವಾ ನಿರ್ವಾತ ನಳಿಕೆ ಎಂದು ಹೆಸರು. ದೂರದಿಂದ ಬರುವ ಕ್ಷೀಣವಾದ ರೇಡಿಯೋ ಅಲೆಗಳನ್ನು ಬಲಪಡಿಸುವುದು ಅವುಗಳ ಮುಖ್ಯ ಕೆಲಸಗಳಲ್ಲೊಂದು. ಅದೇ ಜಾತಿಯ ನಳಿಕೆಗಳಿಗೆ ಗಿಟಾರಿನ ದನಿಯನ್ನು ಬಲಪಡಿಸುವ ಹೊಣೆಯನ್ನು ಒಪ್ಪಿಸಿ ಕೀರ್ತಿ ಪಡೆದವರಲ್ಲಿ ಅಮೆರಿಕೆಯ ಲಿಯೋ ಫೆಂಡರರು ಅಗ್ರಗಣ್ಯರು. ಆದರೆ ಅವರಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ!

ಕ್ಲಾರೆನ್ಸ್ ಲಿಯೋನಿಡಾಸ್ ಫೆಂಡರ್ ಎಂಬುದು ಅವರ ಪೂರ್ಣ ಹೆಸರು. ಕ್ಯಾಲಿಫೋರ್ನಿಯಾ ಪ್ರಾಂತದಲ್ಲಿ, ಅನಹೈಮ್ ಮತ್ತು ಫುಲರ್ಟನ್ ಊರುಗಳ ನಡುವಣ ಕಿತ್ತಳೆಯ ತೋಟವೊಂದರಲ್ಲಿ 1909ನೆಯ ಆಗಸ್ಟ್ 10ರಂದು ಜನಿಸಿದರು. ತಂದೆತಾಯಿಗಳು ಕೃಷಿಕರು. ಬಾಲ್ಯದಲ್ಲಿಯೇ ಒಂದು ಕಣ್ಣು ಹೋಗಿ, ಆ ಸ್ಥಾನದಲ್ಲಿ ಗಾಜಿನ ಕಣ್ಣನ್ನು ಇಟ್ಟುಕೊಳ್ಳಬೇಕಾಯಿತು. ಬಂಧುವೊಬ್ಬನು ಮೋಟಾರು ಗಾಡಿಗಳ ವಿದ್ಯುತ್ ಕೆಲಸದ ಅಂಗಡಿಯನ್ನಿಟ್ಟಿದ್ದನು. ಅವನು ಕಳುಹಿಸಿದ ಹಳೆಯ ಬಿಡಿಭಾಗಗಳ ಪೆಟ್ಟಿಗೆಯೊಂದು ಹುಡುಗನಿಗೆ ರೇಡಿಯೋದ ಹುಚ್ಚು ಹಿಡಿಸಿತು. ಶಾಲೆಯಲ್ಲಿ ಓದುತ್ತಿರುವಾಗಲೇ ಅವನು ನೆರೆಹೊರೆಯವರ ರೇಡಿಯೋಗಳನ್ನು ಸರಿಪಡಿಸಿಕೊಡತೊಡಗಿದನು.

ಆದರೆ ಕಾಲೇಜಿನಲ್ಲಿ ಅವರು ಕಲಿತುದು ಲೆಕ್ಕಪತ್ರದ ವಿದ್ಯೆಯನ್ನು. ಅದು ಅಮೆರಿಕೆಯಲ್ಲಿ ಆರ್ಥಿಕ ಮುಗ್ಗಟ್ಟು ತಲೆದೋರಿದ್ದ ಕಾಲ. ಗುಮಾಸ್ತೆಯ ಕೆಲಸ ಒಂದಾದ ಮೇಲೊಂದು ಕೈತಪ್ಪಿತು. ಹೆಂಡತಿಯ ಕೈಹಿಡಿದು ಸಂಸಾರ ಹೂಡಿದ್ದ ತರುಣನಿಗೆ ಇನ್ನೇನು ಗತಿ? 1938ರಲ್ಲಿ 600 ಡಾಲರು ಸಾಲ ಮಾಡಿ, ಫುಲರ್ಟನ್ನಿನಲ್ಲಿ ರೇಡಿಯೋ ರಿಪೇರಿ ಅಂಗಡಿಯನ್ನು ತೆರೆದರು. ಎಳೆತನದ ಹುಚ್ಚೇ ಹೊಟ್ಟೆಗೆ ದಾರಿಯಾಯಿತು.

ಅಂಗಡಿಗೆ ರೇಡಿಯೋಗಳಲ್ಲದೆ ವಾದ್ಯಗಾರರ ಧ್ವನಿವರ್ಧಕಗಳೂ ರಿಪೇರಿಗೆ ಬರುತ್ತಿದ್ದುವು. ಮಿನ್‌ಗಿಟಾರುಗಳೂ ಅವುಗಳ ಧ್ವನಿವರ್ಧಕಗಳೂ 1930ರ ದಶಕದಲ್ಲಿಯೇ ಬಳಕೆಗೆ ಬಂದಿದ್ದುವು. ಅವು ಎಲ್ಲಿ ಕೆಡುತ್ತವೆ, ಏಕೆ ಕೆಡುತ್ತವೆ ಎಂಬುದನ್ನು ಫೆಂಡರರಷ್ಟು ಹತ್ತಿರದಿಂದ ಕಂಡವರು ವಿರಳ. ಇಂಥ ಪಾಠ ಯಾವ ಕಾಲೇಜಿನಲ್ಲಿಯೂ ದೊರೆಯದೆಂದು ನಮಗೆ ತೋರುತ್ತದೆ. ಮೊದಲು ಡಾಕ್ ಕಾಫ್‌ಮನ್ ಎಂಬ ವಾದ್ಯಗಾರನೊಡನೆ ಕೂಡಿ, ಅನಂತರ 1946ರಿಂದ ಸ್ವಂತ ಹೆಸರಿನಲ್ಲಿ, ಅವರು ಗಿಟಾರುಗಳನ್ನೂ ಧ್ವನಿವರ್ಧಕಗಳನ್ನೂ ತಯಾರಿಸತೊಡಗಿದರು.

ನಳಿಕೆ ಮಾಡುವ ಕೆಲಸವನ್ನು ಇಲ್ಲಿ ತುಸು ವಿವರಿಸಬೇಕು. ಗಿಟಾರಿನ ತಂತಿ ಅಲುಗಿದಾಗ ಅದರ ಕೆಳಗಿನ ಅಯಸ್ಕಾಂತ ಮತ್ತು ಸುರುಳಿಯಲ್ಲಿ ಹುಟ್ಟುವ ವಿದ್ಯುತ್ತು ಬಹು ಅಲ್ಪವಾದುದು. ನಳಿಕೆಯೊಳಗೆ ಕಾದ ಲೋಹದಿಂದ ಎಲೆಕ್ಟ್ರಾನುಗಳು ಹೊರಟು ಎದುರಿನ ತಗಡಿನ ಕಡೆಗೆ ಹರಿಯುತ್ತವೆ. ನಡುವೆ ಸಣ್ಣ ತಂತಿಯ ಜಾಲರಿಯಿದೆ. ಗಿಟಾರಿನ ಅಲ್ಪ ವಿದ್ಯುತ್ತು ಆ ಜಾಲರಿಯನ್ನು ಮುಟ್ಟಿದರೆ ಸಾಕು, ದೊಡ್ಡ ಪ್ರವಾಹವು ಅದರ ತಾಳಕ್ಕೆ ತಕ್ಕಂತೆ ಏರಿಳಿಯುತ್ತದೆ. ತೂಬಿನ ಬಾಗಿಲನ್ನು ಬೆರಳಿನಿಂದಾಡಿಸಿ ಕೆರೆಯ ನೀರನ್ನು ಆಳಿದಂತೆ!

1949ರ ಸುಮಾರಿನ ಚಾಂಪಿಯನ್ 600 ಎಂಬ ಅವರ ಪುಟ್ಟ ಧ್ವನಿವರ್ಧಕದ ಮೊದಲ ಹಂತದಲ್ಲಿದ್ದುದು 6ಎಸ್‌ಜೆ7 ಎಂಬ ನಳಿಕೆ. ಇದು ಪೆಂಟೋಡ್ ಜಾತಿಯದು. ಒಂದರ ಬದಲು ಮೂರು ಜಾಲರಿಗಳುಳ್ಳದ್ದು. ರೇಡಿಯೋದಂಥ ಅತಿವೇಗದ ಕಂಪನಗಳಲ್ಲಿ ತಗಡಿನ ವಿದ್ಯುತ್ತು ಹಿಂದಕ್ಕೆ ನುಸುಳಿ ಮೊದಲ ಜಾಲರಿಯನ್ನು ಕೆಣಕಿದರೆ ನಳಿಕೆಯು ತಾನಾಗಿಯೇ ಕೂಗತೊಡಗುತ್ತದೆ. ಅದನ್ನು ತಡೆಯಲೆಂದೇ ನಡುವೆ ಮರೆಯಾಗಿ ಎರಡನೆಯ ಜಾಲರಿಯನ್ನಿಟ್ಟರು. ಮೂರನೆಯದು ತಗಡಿನಿಂದ ಚಿಮ್ಮಿದ ಎಲೆಕ್ಟ್ರಾನುಗಳನ್ನು ತಗಡಿಗೇ ಹಿಂದಿರುಗಿಸುತ್ತದೆ. ಇಂಥ ನಳಿಕೆಯೊಂದೇ ದನಿಯನ್ನು ನೂರು ಪಾಲಿಗೂ ಮೀರಿ ಹಿಗ್ಗಿಸಬಲ್ಲದು.

ಗುಣದ ಜೊತೆಗೆ ದೋಷವೂ ಉಂಟು. ಈ ಧ್ವನಿವರ್ಧಕಗಳಲ್ಲಿ ನಳಿಕೆಗಳೂ ಸ್ಪೀಕರೂ ಒಂದೇ ಪೆಟ್ಟಿಗೆಯಲ್ಲಿರುತ್ತಿದ್ದುವು. ಸ್ಪೀಕರು ಗುಡುಗಿದರೆ ಜಾಲರಿಗಳು ಅದುರುತ್ತವೆ. ಆ ಅದುರುವಿಕೆಯೂ ದನಿಯಾಗಿ ಹಿಗ್ಗಿ ಹೊರಬರುತ್ತದೆ. 1950ರ ದಶಕದ ನಡುವಿನ ವೇಳೆಗೆ ಫೆಂಡರರು ಪೆಂಟೋಡನ್ನು ಬಿಟ್ಟು, ಒಂದೇ ಬುರುಡೆಯಲ್ಲಿ ಎರಡು ಟ್ರಯೋಡುಗಳಿರುವ 12ಎಎಕ್ಸ್7, 12ಎವೈ7 ನಳಿಕೆಗಳಿಗೆ ತಿರುಗಿದರು. ಈ ತೊಂದರೆಯೂ ಅದಕ್ಕೆ ಒಂದು ಕಾರಣವಾಗಿದ್ದಿರಬೇಕೆಂದು ನಮ್ಮ ಎಣಿಕೆ.

ದನಿಯು ತಿಳಿಯಾಗಿರಬೇಕೆಂಬುದು ಫೆಂಡರರ ಹಟ. ವಾದ್ಯಗಾರರೋ ಧ್ವನಿವರ್ಧಕವನ್ನು ಅದರ ಶಕ್ತಿಗೆ ಮೀರಿ ದುಡಿಸಿದರು. ಆಗ ಅಲೆಯ ತುದಿಗಳು ಕತ್ತರಿಸಿಹೋಗಿ ಒರಟಾದ ಹೊಸ ನಾದವೊಂದು ಹುಟ್ಟುತ್ತದೆ. ಯಂತ್ರಜ್ಞನಿಗೆ ಅದು ಕೊರತೆ, ತರುಣ ವಾದ್ಯಗಾರನಿಗೆ ಅದೇ ರುಚಿ! 1962ರಲ್ಲಿ ಲಂಡನ್ನಿನ ಜಿಮ್ ಮಾರ್ಷಲ್ ತನ್ನ ಮೊದಲ ಧ್ವನಿವರ್ಧಕವನ್ನು ಕಟ್ಟಲು ಮಾದರಿಯಾಗಿ ಆರಿಸಿಕೊಂಡುದು ಫೆಂಡರರ ಬಾಸ್‌ಮನ್ನನ್ನೇ.

ಟೆಲಿಕಾಸ್ಟರ್, 1951ರ ಪ್ರಿಸಿಷನ್ ಬಾಸ್, 1954ರ ಸ್ಟ್ರಾಟೊಕಾಸ್ಟರ್ ಮೊದಲಾದ ಗಿಟಾರುಗಳ ಕಥೆಯೇ ಬೇರೊಂದು ಲೇಖನವಾದೀತು. ಕೀರ್ತಿಯು ಏರುತ್ತಿದ್ದಾಗಲೇ ಹಟಮಾರಿ ಸೋಂಕುರೋಗವೊಂದು ಅವರನ್ನು ವರ್ಷಗಟ್ಟಲೆ ಕಾಡಿತು. ಇನ್ನು ಬದುಕುವುದು ಹೆಚ್ಚು ಕಾಲವಿಲ್ಲವೆಂದು ಭಾವಿಸಿ, 1965ರಲ್ಲಿ 1 ಕೋಟಿ 30 ಲಕ್ಷ ಡಾಲರುಗಳಿಗೆ ಸಂಸ್ಥೆಯನ್ನು ಸಿಬಿಎಸ್ ಎಂಬ ಬಾನುಲಿ ಸಂಸ್ಥೆಗೆ ಮಾರಿಬಿಟ್ಟರು. ಮಾರಿದ ಬಳಿಕ ವೈದ್ಯರನ್ನು ಬದಲಾಯಿಸಲು ರೋಗವು ವಾಸಿಯಾಯಿತು! ತನ್ನ ಹೆಸರಿನ ಸಂಸ್ಥೆಯು ಪರರ ಪಾಲಾಗಿರುವಾಗ ಆ ಗುಣವನ್ನು ಅವರು ಹೇಗೆ ಸ್ವೀಕರಿಸಿರಬಹುದು?

ಅವರು ಕೈಕಟ್ಟಿ ಕೂರಲಿಲ್ಲ. ಮ್ಯೂಸಿಕ್ ಮ್ಯಾನ್, ಅನಂತರ ಜಿ ಅಂಡ್ ಎಲ್ ಎಂಬ ಸಂಸ್ಥೆಗಳಲ್ಲಿ ಹೊಸ ವಾದ್ಯಗಳನ್ನು ರೂಪಿಸುತ್ತಲೇ ಇದ್ದು, ಕಂಪವಾತದಿಂದ ಬಳಲಿ 1991ನೆಯ ಮಾರ್ಚ್ 21ರಂದು ತೀರಿಕೊಂಡರು. ಅಷ್ಟರಲ್ಲಿ ಟ್ರಾನ್ಸಿಸ್ಟರಿನ ದೆಸೆಯಿಂದ ಮನೆಯ ರೇಡಿಯೋಗಳಿಂದ ನಳಿಕೆಗಳು ಮರೆಯಾಗಿ ಬಹುಕಾಲವಾಗಿತ್ತು. ಗಿಟಾರಿನ ಧ್ವನಿವರ್ಧಕಗಳಲ್ಲಿ ಮಾತ್ರ ಅವು ಇಂದಿಗೂ ಬೆಳಗುತ್ತಿವೆ.