ಗೆಲಿಲಿಯೋ ಕಂಡ ಪುಟ್ಟ ಲೋಕ

ಐಸ್‌ಕ್ರೀಮ್ ಕಡ್ಡಿಗಳಿಂದ ಬ್ರಿಡ್ಜ್ ಕಟ್ಟಿ, ಮೇಲೆ ಟೆಕ್ಸ್ಟ್‌ಬುಕ್ ಪೇರಿಸಿ ನೋಡೋದು ನಮ್ಮಲ್ಲಿ ಬಹಳ ಜನ ಮಾಡಿರೋ ಕೆಲಸ. ಪುಟ್ಟದು ನಿಂತರೆ ದೊಡ್ಡದೂ ನಿಲ್ಲುತ್ತೆ ಅಂತ ನಾವು ಸುಲಭವಾಗಿ ನಂಬಿಬಿಡ್ತೀವಿ. ಈ ನಂಬಿಕೆ ಎಲ್ಲಿ ಸರಿ, ಎಲ್ಲಿ ತಪ್ಪು ಅನ್ನೋ ಎರಡನ್ನೂ ತೋರಿಸಿಕೊಟ್ಟವನು ಗೆಲಿಲಿಯೋ.

ಅವನು ಹುಟ್ಟಿದ್ದು 1564ರಲ್ಲಿ, ಇಟಲಿಯ ಪೀಸಾದಲ್ಲಿ. ತಂದೆ ಸಂಗೀತಗಾರ. ಮೆಡಿಸಿನ್ ಓದಲು ಸೇರಿದ ಹುಡುಗನಿಗೆ ಗಣಿತದ ಹುಚ್ಚು ಹತ್ತಿತು, ಡಿಗ್ರಿ ಮುಗಿಸದೆ ಹೊರಬಂದ. (ಇದನ್ನು ನಮ್ಮ ಮನೆಗಳಲ್ಲಿ ಹೇಳದೇ ಇರೋದು ಒಳ್ಳೇದು!) ಮುಂದೆ ಪಡುವಾದಲ್ಲಿ 18 ವರ್ಷ ಗಣಿತದ ಮೇಷ್ಟ್ರಾಗಿದ್ದ.

1610ರ ಜನವರಿ 7ರ ರಾತ್ರಿ, ತಾನೇ ಮಾಡಿದ ಟೆಲಿಸ್ಕೋಪಿನಲ್ಲಿ ಗುರುಗ್ರಹ ನೋಡಿದ. ಪಕ್ಕದಲ್ಲೇ ಸಾಲಾಗಿ ಮೂರು ಚುಕ್ಕಿ. ದಿನಾ ಅವು ಜಾಗ ಬದಲಾಯಿಸುತ್ತಿದ್ದವು. ಒಂದು ವಾರದೊಳಗೆ ನಾಲ್ಕನೆಯದೂ ಕಂಡಿತು. ಅವೆಲ್ಲ ಗುರುವಿನ ಚಂದ್ರರು! ಹತ್ತಿರದ್ದಕ್ಕೆ ಒಂದು ಸುತ್ತಿಗೆ ಎರಡು ದಿನವೂ ಬೇಡ, ದೂರದ್ದಕ್ಕೆ ಸುಮಾರು 17 ದಿನ ಬೇಕು. ಕೋಪರ್ನಿಕಸ್ ಹೇಳಿದ್ದ ಸೌರಮಂಡಲದ ಪುಟ್ಟ ಮಾಡೆಲ್ ಆಕಾಶದಲ್ಲೇ ಸಿಕ್ಕಿತ್ತು. ಭೂಮಿ ಚಲಿಸಿದರೆ ಚಂದ್ರ ಹಿಂದೆ ಉಳಿಯಬೇಕಲ್ಲ ಅಂತ ವಾದಿಸುತ್ತಿದ್ದವರಿಗೆ ಇದೇ ಉತ್ತರವಾಯಿತು. ಗುರು ಚಲಿಸುತ್ತೆ ಅಂತ ಎಲ್ಲರೂ ಒಪ್ಪಿದ್ದರು, ಅದರ ಚಂದ್ರರು ಮಾತ್ರ ಜೊತೆಯಲ್ಲೇ ಇದ್ದರು.

ಭೂಮಿ ಚಲಿಸುತ್ತೆ ಅನ್ನೋ ವಾದವನ್ನು ಬಿಡದ ತಪ್ಪಿಗೆ 1633ರಲ್ಲಿ ರೋಮಿನ ಧರ್ಮನ್ಯಾಯಾಲಯ ಅವನಿಗೆ ಶಿಕ್ಷೆ ಕೊಟ್ಟಿತು. ಹತ್ತಿರ ಹತ್ತಿರ ಎಪ್ಪತ್ತರ ಮುದುಕ ಮಂಡಿಯೂರಿ ತನ್ನ ಮಾತನ್ನು ಹಿಂದಕ್ಕೆ ತಗೊಂಡ. ಆಮೇಲೆ ಸಾಯೋವರೆಗೂ ಗೃಹಬಂಧನ.

ಅಷ್ಟು ದೊಡ್ಡ ಆಕಾಶ ನೋಡಿದವನ ಪ್ರಪಂಚ ಒಂದು ಮನೆಯಷ್ಟಾಯಿತು. ಆದರೂ ಅವನು ಸುಮ್ಮನೆ ಕೂರಲಿಲ್ಲ. ಅಲ್ಲಿಂದಲೇ ಬರೆದ ಪುಸ್ತಕ 1638ರಲ್ಲಿ ಹಾಲೆಂಡಿನ ಲೈಡನ್‌ನಲ್ಲಿ ಅಚ್ಚಾಯಿತು. ಅದರಲ್ಲಿದೆ ನಮ್ಮ ಬ್ರಿಡ್ಜಿನ ಪಾಠ. ಅಳತೆಗಳನ್ನೆಲ್ಲ ಎರಡು ಪಟ್ಟು ಮಾಡಿದರೆ ಅಡ್ಡಕೊಯ್ತದ ವಿಸ್ತೀರ್ಣ 4 ಪಟ್ಟು ಆಗುತ್ತೆ, ತೂಕ 8 ಪಟ್ಟು. ಆದ್ದರಿಂದ ಪುಟ್ಟ ಮಾಡೆಲ್ ನಿಂತಿತು ಅಂತ ಅದೇ ಆಕಾರದ ದೊಡ್ಡದು ನಿಲ್ಲಬೇಕಿಲ್ಲ. ಆನೆಯ ಕಾಲು ಜಿಂಕೆಯ ಕಾಲಿನ ಹಾಗಿಲ್ಲ, ಅದೂ ಇದೇ ಕಾರಣಕ್ಕೆ.

ಪುಸ್ತಕ ಕೈಗೆ ಬರುವಷ್ಟರಲ್ಲಿ ಅವನ ಎರಡೂ ಕಣ್ಣು ಹೋಗಿದ್ದವು. 1642ರ ಜನವರಿ 8ರಂದು ತೀರಿಕೊಂಡ.

ಅವನು ಕಂಡ ಆ ನಾಲ್ಕು ಚಂದ್ರರು ಒಳ್ಳೆಯ ಬೈನಾಕ್ಯುಲರ್‌ನಲ್ಲೂ ಕಾಣ್ತವೆ. ಗುರು ಕಾಣುವ ದಿನಗಳಲ್ಲಿ ಹಾಸ್ಟೆಲ್ ಟೆರೇಸಿಗೆ ಹೋಗಿ ನಾವೂ ನೋಡೋಣ, ಒಂದೇ ರಾತ್ರಿ ಅಲ್ಲ, ಒಂದು ವಾರ.